ಎರಡು ಬಿಳಿ, ಒಂದು ಹಳದಿ: ಕಾಡವ್ವ ಆಯ್ದ ಬೆಳಕು

ಬೆಳಗಿನ ಐದಕ್ಕೆ ಇನ್ನೂ ಹತ್ತು ನಿಮಿಷವಿದೆ. ಬೈಲಹೊಂಗಲದ ಹಳೆಯ ಹತ್ತಿ ಕಾರ್ಖಾನೆಯೊಂದರ ಹಿಂದಿನ ಗೋದಾಮಿನ ಬಾಗಿಲಲ್ಲಿ ಕಾಡವ್ವ ಚಪ್ಪಲಿ ಬಿಟ್ಟು, ಮೊಣಕೈತನಕ ಸಾಬೂನು ಹಚ್ಚಿ ಕೈ ತೊಳೆಯುತ್ತಾರೆ. ಸೀರೆಯ ಮೇಲೆ ಬಿಳಿ ಕೋಟು ತೊಟ್ಟು, ತಲೆಗೆ ಬಟ್ಟೆ ಕಟ್ಟಿಕೊಂಡು ಒಳಕೋಣೆಗೆ ಹೋಗುತ್ತಾರೆ. ಕತ್ತಲಲ್ಲೇ ಗೋಡೆ ತಡವಿ ಮೊದಲ ಸ್ವಿಚ್ ಒತ್ತುತ್ತಾರೆ. ಟ್ಯೂಬ್‌ಲೈಟುಗಳು ಎರಡು ಸಲ ಮಿಣುಕಿ, ಗುಂಯ್ ಎಂದು ಸದ್ದು ಮಾಡಿ ಹತ್ತಿಕೊಳ್ಳುತ್ತವೆ. ಒಂದೊಂದೇ ಟ್ಯೂಬಿನ ತುದಿಗೆ ಕಣ್ಣು ಹಾಯಿಸುತ್ತ ಅವರು ಮುಂದೆ ಸಾಗುತ್ತಾರೆ. ಆರನೆಯ ರ‍್ಯಾಕಿನ ನಡುಹಲಗೆಯಲ್ಲಿ ಒಂದು ಟ್ಯೂಬು ಮಿಣುಕುತ್ತಲೇ ಇದೆ. ಕಾಡವ್ವ ಉಸಿರು ಬಿಗಿಹಿಡಿದು ಅದರ ಸ್ಟಾರ್ಟರನ್ನು ತುಸುವೇ ತಿರುಗಿಸುತ್ತಾರೆ. ಟ್ಯೂಬು ಸ್ಥಿರವಾಗಿ ಬೆಳಗುತ್ತದೆ.

"ದಿನಾ ಹಿಂಗ ನೋಡ್ರಿ. ಎಲ್ಲಾ ಹತ್ತೂತನಕ ಜೀವದಾಗ ಜೀವ ಇರೂದಿಲ್ಲ" ಅನ್ನುತ್ತಾರೆ.

ಒಂಬತ್ತು ರ‍್ಯಾಕು, ಒಂದೊಂದಕ್ಕೆ ಐದು ಹಲಗೆ, ಹಲಗೆಗೆ ಮೂರರಂತೆ ನೂರಾ ಮೂವತ್ತೈದು ಟ್ಯೂಬು. ಅವುಗಳ ಕೆಳಗೆ ಮೂರು ಸಾವಿರದ ಆರುನೂರು ಗಾಜಿನ ಬಾಟಲಿ. ಬಾಟಲಿಯೊಳಗೆ ಮಣ್ಣಿಲ್ಲ. ಗಂಜಿಯಂತೆ ಹೆಪ್ಪುಗಟ್ಟಿದ ಆಹಾರದಲ್ಲಿ ಕಬ್ಬಿನ ಎಳೆಯ ಸಸಿಗಳು, ಇಲ್ಲಿನವರ ಮಾತಿನಲ್ಲಿ 'ಅಗಿ', ಗರಿಕೆಯಂತೆ ನಿಂತಿವೆ. ರೋಗವಿಲ್ಲದ ಕಬ್ಬಿನ ಕುಡಿ ತಂದು, ಬಾಟಲಿಯಲ್ಲಿ ಸಸಿ ಮಾಡಿ, ಬೇರು ಬಿಟ್ಟ ಮೇಲೆ ಹೊರಗಿನ ನೆರಳುಪರದೆಯ ಕೆಳಗೆ ಮಣ್ಣಿಗೆ ಹೊಂದಿಸಿ ರೈತರಿಗೆ ಕೊಡುವುದು ಇಲ್ಲಿನ ಸಸಿ ಸಂಘದ ಕೆಲಸ. ಕೋಣೆಗೆ ಕಿಟಕಿಯಿಲ್ಲ. ಈ ಸಸಿಗಳ ಪಾಲಿಗೆ ಬಿಸಿಲೆಂದರೆ ಈ ಟ್ಯೂಬುಗಳೇ. ದಿನಕ್ಕೆ ಹದಿನಾರು ತಾಸು ಬೆಳಕು, ಎಂಟು ತಾಸು ಕತ್ತಲು. ತಾನಾಗಿ ಹಚ್ಚಿ ಆರಿಸುವ ಯಂತ್ರ ಕೆಟ್ಟು ಮೂರು ವರ್ಷವಾಯಿತು. ಅಂದಿನಿಂದ ಬೆಳಗಿನ ಐದಕ್ಕೆ ಹಚ್ಚುವವರೂ ರಾತ್ರಿ ಒಂಬತ್ತಕ್ಕೆ ಆರಿಸುವವರೂ ಕಾಡವ್ವನೇ. ನಡುವೆ ಕರೆಂಟು ಹೋದರೆ ಬಾಗಿಲ ಹಿಂದಿನ ಗೋಡೆಯ ಮೇಲೆ ಸೀಮೆಸುಣ್ಣದಿಂದ ಗೀಟು ಎಳೆಯುತ್ತಾರೆ. ಎಷ್ಟು ಗೀಟೋ ಅಷ್ಟು ತಾಸು ಆ ದಿನ ತಡವಾಗಿ ಮನೆಗೆ.

ಸಂಘದ ಕಾಗದದಲ್ಲಿ ಅವರ ಕೆಲಸ 'ಬಾಟಲಿ ತೊಳೆಯುವುದು ಮತ್ತು ಸ್ವಚ್ಛತೆ'. ದಿನಕ್ಕೆ ಮುನ್ನೂರು ಬಾಟಲಿ. ಬಿಸಿನೀರು, ಬ್ರಶ್ಶು, ಮತ್ತೆ ಬಿಸಿನೀರು. ಬೆರಳ ತುದಿಗಳು ಬಿಳಿಚಿ ಸುಕ್ಕುಗಟ್ಟಿವೆ. ವಯಸ್ಸು ನಲವತ್ತಾರು. ಕಿತ್ತೂರಿನ ಹತ್ತಿರದ ಹಳ್ಳಿಯಲ್ಲಿ ಹುಟ್ಟಿ, ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವರು. ಗಂಡ ಶಟ್ಟೆಪ್ಪ ಇಲ್ಲಿನ ಮಾರುಕಟ್ಟೆಯಲ್ಲಿ ಹಮಾಲಿ. ಹದಿನಾಲ್ಕು ವರ್ಷದ ಹಿಂದೆ ಕಸ ಹೊಡೆಯಲು ಬಂದ ಕಾಡವ್ವನಿಗೆ ಸಸಿ ನೋಡುವುದನ್ನು ಕಲಿಸಿದವರು ಆಗ ಇಲ್ಲಿದ್ದ ಅನ್ನಪೂರ್ಣಾ ಎಂಬ ವಿಜ್ಞಾನಿ.

"ಅನ್ನಪೂರ್ಣಾ ಬಾಯಾರು ಒಂದ ಹಲಗಿಗೆ ಬರೇ ಹಳದಿ ಟ್ಯೂಬ್ ಹಾಕಿದ್ರು, ಇನ್ನೊಂದಕ್ಕ ಬರೇ ಬಿಳಿ, ಮತ್ತೊಂದಕ್ಕ ಎರಡ ಬಿಳಿ ಒಂದ ಹಳದಿ. ತಿಂಗಳ ಬಿಟ್ಟ ನನ್ನ ಕರದು, ಯಾವ ಅಗಿ ಚಲೋ ಅದಾವ ನೀನ ಹೇಳು ಅಂದ್ರು. ಹಳದಿ ಅಡಿಯಾಗಿನ್ವು ಉದ್ದ ಎದ್ದಿದ್ದುವು, ತೆಳ್ಳಗ, ಜೋಲಿ ಹೊಡಿಯೂವಂಗ. ಬರೇ ಬಿಳಿ ಅಡಿಯಾಗಿನ್ವು ಗಿಡ್ಡ. ಎರಡ ಬಿಳಿ ಒಂದ ಹಳದಿ ಹಾಕಿದ್ದು ಬರೋಬ್ಬರಿ ಇತ್ತು. ಅದನ್ನ ತೋರಿಸಿದ್ನಿ. ಬಾಯಾರು ನಕ್ಕ ಬರಕೊಂಡ್ರು."

ಆಮೇಲೆ ಅನ್ನಪೂರ್ಣಾ ಬಾಯಿಯವರು ನಿವೃತ್ತರಾಗಿ ಹೋದರು. ತಂತ್ರಜ್ಞರು ಬಂದರು, ಹೋದರು. ಕೊನೆಯವನು ಆಕಾಶ ಕಳೆದ ಫೆಬ್ರುವರಿಯಲ್ಲಿ ಬೇರೆ ಜಿಲ್ಲೆಯ ದೊಡ್ಡ ನರ್ಸರಿಗೆ ಹೋದ. ಅವನ ಜಾಗಕ್ಕೆ ಯಾರೂ ಬರಲಿಲ್ಲ. ಬೆಳಕು ಅಳೆಯುವ ಮೀಟರು ಅದಕ್ಕೂ ಮೊದಲೇ ಕೆಟ್ಟು ಡ್ರಾವರ್ ಸೇರಿತ್ತು.

ಹೋಳಿ ಹುಣ್ಣಿಮೆ ಮುಗಿದ ವಾರ ಕಾಡವ್ವ ಏಳನೆಯ ರ‍್ಯಾಕು ಒರೆಸುತ್ತಿದ್ದಾಗ ಒಂದು ಬಾಟಲಿ ಕೈತಾಗಿ ವಾಲಿತು. ಹಿಡಿದು ನೆಟ್ಟಗೆ ನಿಲ್ಲಿಸಿದರು. ಒಳಗಿನ ಸಸಿಗಳು ಮಾತ್ರ ನೆಟ್ಟಗಾಗಲಿಲ್ಲ.

"ಬಾಟ್ಲಿ ಹೊರಳಿಸಿ ನಿಲ್ಲಿಸಿದ್ರ ಅಗಿ ತಾವ ಎದ್ದ ನಿಲ್ಲಬೇಕ್ರಿ. ಇವು ಬಾಗಿದ್ದು ಬಾಗೇ ಕುಂತುವು."

ಪಕ್ಕದ ಬಾಟಲಿ ನೋಡಿದರು, ಅದರ ಪಕ್ಕದ್ದು ನೋಡಿದರು. ಏಳು, ಎಂಟು, ಒಂಬತ್ತು ಈ ಮೂರೂ ರ‍್ಯಾಕಿನಲ್ಲಿ ಅದೇ ಕತೆ. ಕಡ್ಡಿ ಉದ್ದ, ಎಲೆ ಕಿರಿದು, ಬಣ್ಣ ತಿಳಿಹಳದಿ. ತಲೆಯೆತ್ತಿ ಟ್ಯೂಬು ನೋಡಿದಾಗ ಕಾರಣ ಕಂಡಿತು. ಎರಡು ವರ್ಷದಿಂದ ಹಳೆಯ ಟ್ಯೂಬು ಸತ್ತಂತೆಲ್ಲ ತಂತ್ರಜ್ಞರು ಅಂಗಡಿಯಲ್ಲಿ ಸಿಕ್ಕಿದ್ದನ್ನು ತಂದು ಹಾಕಿದ್ದರು. ಸಿಕ್ಕಿದ್ದೆಲ್ಲ ಹಳದಿ. ಈ ಮೂರು ರ‍್ಯಾಕಿನಲ್ಲಿ ಒಂದೂ ಬಿಳಿ ಉಳಿದಿರಲಿಲ್ಲ. ಅಲ್ಲಿದ್ದುದು ಬೇರು ಬಿಡುವ ಹಂತದ ಸಸಿ, ಸಾವಿರದ ಇನ್ನೂರು ಬಾಟಲಿ, ಹದಿನಾಲ್ಕು ಸಾವಿರಕ್ಕೂ ಹೆಚ್ಚು. ಹೀಗೇ ಜೋಲುಬಿದ್ದರೆ ಮಣ್ಣಿಗೆ ಹಾಕಿದ ವಾರದಲ್ಲೇ ಕರಗಿ ಹೋಗುತ್ತವೆ ಎಂಬುದು ಅವರಿಗೆ ಗೊತ್ತಿತ್ತು.

ಸಂಘದ ಕಾರ್ಯದರ್ಶಿ ನಿಜಗುಣಪ್ಪ ಆ ಹೊತ್ತು ಫೋನಿನಲ್ಲಿದ್ದರು. ಕಾಡವ್ವ ಬಾಗಿಲಲ್ಲೇ ನಿಂತು ಕಾದರು.

"ಸಾಹೇಬ್ರ, ಅಗಿ ಕೆಡಾಕತ್ತಾವ್ರಿ. ಬೆಳಕ ಸರಿ ಇಲ್ಲ."

"ಎಲ್ಲಾ ಟ್ಯೂಬ್ ಉರ್‍ಯಾಕತ್ತಾವಲ್ಲ ಕಾಡವ್ವಾ?"

"ಉರ್‍ಯಾಕತ್ತಾವ್ರಿ. ಆದ್ರ ಬರೇ ಹಳದಿ ಅದಾವು. ಬಿಳಿ ಬೇಕು."

ನಿಜಗುಣಪ್ಪ ಒಳಗೆ ಬಂದು ನೋಡಿದರು. ಅವರ ಕಣ್ಣಿಗೆ ಕೋಣೆ ಝಗಝಗಿಸುತ್ತಿತ್ತು. "ಎಲ್‌ಇಡಿ ಹಾಕಸೂದು ಅಂತ ಮೀಟಿಂಗ್‌ದಾಗ ಠರಾವ ಆಗೇತಿ. ಆದ್ರ ಫಿಟಿಂಗ್ ಎಲ್ಲಾ ಬದಲ ಮಾಡಬೇಕು, ಎರಡ ತಿಂಗಳರ ಬೇಕು" ಎಂದರು. ಕಾಡವ್ವ ತಲೆಯಲ್ಲಾಡಿಸಿದರು. ಎರಡು ತಿಂಗಳು ಕಾಯುವಷ್ಟು ವೇಳೆ ಈ ಸಸಿಗಳಿಗಿರಲಿಲ್ಲ. ಕಾರ್ಯದರ್ಶಿ ಹೇಳಿದರು: "ನೀ ಹೇಳ್ತಿ ಅಂತ ತರಸ್ತೇನಿ. ಆದ್ರ ಕೆಟ್ಟ ಹೋತಂದ್ರ ರೈತರಿಗೆ ಯಾರ ಜವಾಬ ಕೊಡೂದು? ನೀನ ಕೊಡಬೇಕಾಗತೈತಿ, ನೆನಪಿಟ್ಕೋ."

ಆ ಮಾತು ಅವರ ಬೆನ್ನು ಬಿಡಲಿಲ್ಲ. ಅನ್ನಪೂರ್ಣಾ ಬಾಯಿಯವರನ್ನು ಕೇಳೋಣವೆಂದು ಹಳೆಯ ಚೀಟಿಯಲ್ಲಿದ್ದ ನಂಬರಿಗೆ ಫೋನು ಹಚ್ಚಿದರು. ಆ ನಂಬರು ಈಗ ಬೇರೆ ಯಾರದೋ ಆಗಿತ್ತು. ಮನೆಯಲ್ಲಿ ಶಟ್ಟೆಪ್ಪ ಊಟಕ್ಕೆ ಕುಂತವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಕೇಳಿದರು: "ನಿನ್ನ ಕೆಲಸ ಬಾಟ್ಲಿ ತೊಳೆಯೂದು. ಬೆಳಕಿನ ಉಸಾಬರಿ ನಿನಗ್ಯಾಕ? ಸುಮ್ಮನಿದ್ರ ಯಾರೂ ಏನೂ ಅಂತಿದ್ದಿಲ್ಲ." ಸುಮ್ಮನಿದ್ದರೆ ತಪ್ಪು ಯಾರ ಮೇಲೂ ಬರುತ್ತಿರಲಿಲ್ಲ ಎಂಬುದು ನಿಜವೇ. ಈಗ ಹೇಳಿಯಾಗಿತ್ತು.

ಮರುದಿನ ಮುಂಜಾನೆ ಸಂಘ ಕೊಟ್ಟ ದುಡ್ಡು ಹಿಡಿದು ತಾವೇ ಬೈಲಹೊಂಗಲದ ಬಜಾರಿನಲ್ಲಿದ್ದ ನಿಂಗರಾಜನ ಇಲೆಕ್ಟ್ರಿಕ್ ಅಂಗಡಿಗೆ ಹೋದರು. ಸಂಘಕ್ಕೆ ಸಾಮಾನು ಕೊಡುವವನು ಅವನೇ. "ಅಕ್ಕಾರ, ಈ ಟ್ಯೂಬ್ ಮಾಡೂದ ಬಿಟ್ಟಾರ ಈಗ. ನನ್ನ ಕಡೆ ಹಳದಿ ನಾಕ ಅದಾವ ಅಷ್ಟ. ಬಿಳಿ ಬೇಕಂದ್ರ ಸವದತ್ತಿ ಕಡೆ ನೋಡ್ರಿ" ಎಂದು ಅವನು ಒಂದು ಚೀಟಿಯಲ್ಲಿ ಅಂಕಿ ಬರೆದುಕೊಟ್ಟ. ಟ್ಯೂಬಿನ ತುದಿಯಲ್ಲಿ ಸಣ್ಣಗೆ 865 ಎಂದಿದ್ದರೆ ಬಿಳಿ, 830 ಎಂದಿದ್ದರೆ ಹಳದಿ. ಇಂಗ್ಲಿಷ್ ಬಾರದ ಕಾಡವ್ವ ಆ ಎರಡು ಅಂಕಿಗಳನ್ನು ಸವದತ್ತಿಯ ಬಸ್ಸಿನಲ್ಲಿ ದಾರಿಯುದ್ದಕ್ಕೂ ಬಾಯಿಪಾಠ ಮಾಡಿದರು.

ಸವದತ್ತಿಯಲ್ಲಿ ಮೂರು ಅಂಗಡಿ ಸುತ್ತಿದರು. ಇರಲಿಲ್ಲ. ಮೂರನೆಯ ಅಂಗಡಿಯ ಮುದುಕರು ಕನಿಕರದಿಂದ ಹೇಳಿದರು: ರಾಮದುರ್ಗದಲ್ಲಿ ಸಿದ್ಧಾರೂಢ ಅನ್ನುವವರು ಅಂಗಡಿ ಮುಚ್ಚುವವರಿದ್ದಾರೆ, ಅವರ ಅಟ್ಟದ ಮೇಲೆ ಹಳೆ ಮಾಲು ಇದ್ದರೂ ಇರಬಹುದು. ಆಗಲೇ ಹನ್ನೊಂದು ಹೊಡೆದಿತ್ತು. ರಾತ್ರಿ ಒಂಬತ್ತರೊಳಗೆ ತಿರುಗಿ ಬಂದು ಲೈಟು ಆರಿಸಬೇಕು. ಕಾಡವ್ವ ರಾಮದುರ್ಗದ ಬಸ್ಸು ಹತ್ತಿದರು.

ಸಿದ್ಧಾರೂಢ ಅಟ್ಟದಿಂದ ಮೂರು ಪೆಟ್ಟಿಗೆ ಇಳಿಸಿದರು. ಧೂಳು ಜಾಡಿಸಿ, "ಎಲ್ಲಾ ಒಯ್ರಿ ಬಾಯಾರ, ನನಗೂ ಜಾಗಾ ಖಾಲಿ ಆಗತೈತಿ" ಎಂದರು. ತೆರೆದು ನೋಡಿದರೆ ಬಿಳಿಯೂ ಹಳದಿಯೂ ಕಲೆತು ಹೋಗಿವೆ. ಗಿರಾಕಿಗಳು ತಿರುಗಿಸಿ ಕೊಟ್ಟ ಕೆಟ್ಟವೂ ಅದರಲ್ಲೇ ಇವೆ. ಎಷ್ಟೋ ಟ್ಯೂಬಿನ ಅಂಕಿ ಅಳಿಸಿದೆ.

"ಒಂದೊಂದ ಹಚ್ಚಿ ತೋರಿಸ್ರೀ ಯಜಮಾನ್ರ."

"ಅರವತ್ತೂ? ಬೆಳಕು ಬೆಳಕ ಅಲ್ಲೇನ್ರಿ?"

"ಮನಶಾರಿಗೆ ಹೌದ್ರಿ. ಅಗಿಗೆ ಅಲ್ಲ."

ಸಿದ್ಧಾರೂಢ ನಿಟ್ಟುಸಿರು ಬಿಟ್ಟು ಪರೀಕ್ಷೆಯ ಹಲಗೆಗೆ ಒಂದೊಂದೇ ಟ್ಯೂಬು ಸಿಕ್ಕಿಸತೊಡಗಿದರು. ಅಂಕಿ ಇದ್ದವನ್ನು ಕಾಡವ್ವ ಅಂಕಿ ನೋಡಿ ಬೇರೆ ಮಾಡಿದರು. ಅಂಕಿ ಇಲ್ಲದವು ಬಂದಾಗ ಕೈ ಮುಂದೆ ಮಾಡಿ ತಮ್ಮ ಹಸಿರು ಬಳೆಗಳನ್ನು ಬೆಳಕಿಗೆ ಹಿಡಿದರು. ಹಳದಿ ಬೆಳಕಿನಲ್ಲಿ ಹಸಿರು ಮಾಸಿ ಕಂದಿದಂತೆ ಕಾಣುತ್ತಿತ್ತು, ಬಿಳಿಯಲ್ಲಿ ಇದ್ದ ಹಾಗೇ ಕಾಣುತ್ತಿತ್ತು. ತುದಿ ಕಪ್ಪಾದವನ್ನು ಉರಿದರೂ ಬೇಡವೆಂದರು. ಅದರ ಆಯುಷ್ಯ ಮುಗಿಯುತ್ತ ಬಂದಿರುತ್ತದೆ. ಮೂರು ರ‍್ಯಾಕಿಗೆ ಹಲಗೆಗೆ ಎರಡರಂತೆ ಮೂವತ್ತು ಬಿಳಿ ಬೇಕಿತ್ತು, ಉಳಿದೊಂದು ಹಳದಿ ಅಲ್ಲೇ ಇದೆ. ಎಣಿಸಿದಾಗ ಮೂವತ್ತನಾಲ್ಕು ಸಿಕ್ಕವು. ಎರಡು ತಾಸು ಹಿಡಿದ ಈ ಕೆಲಸ ಮುಗಿದಾಗ ಸಿದ್ಧಾರೂಢ ತಾವೇ ಹಳೆಯ ಪತ್ರಿಕೆ ಸುತ್ತಿ ಎರಡು ಪೆಟ್ಟಿಗೆ ಕಟ್ಟಿಕೊಟ್ಟರು.

ಬಸ್ಸಿನಲ್ಲಿ ಕಂಡಕ್ಟರು ಮೊದಲು ಒಪ್ಪಲಿಲ್ಲ. "ಒಡದ್ರ ಮಂದಿ ಕಾಲಿಗೆ ಚುಚ್ಚತೈತಿ, ಮ್ಯಾಲ ಇಡ್ರಿ" ಎಂದರು. ಮೇಲಿಟ್ಟರೆ ಒಂದೂ ಉಳಿಯುವುದಿಲ್ಲ. ಕಾಡವ್ವ ಗೋಗರೆದು, ಕೊನೆಯ ಸೀಟಿನ ಮೂಲೆಯಲ್ಲಿ ಪೆಟ್ಟಿಗೆಗಳನ್ನು ನಿಲ್ಲಿಸಿಕೊಂಡು ಎರಡೂ ತೋಳಲ್ಲಿ ತಬ್ಬಿ ನಿಂತರು. ತೊರಗಲ್ ದಾಟಿದ ಮೇಲೆ ರಸ್ತೆ ಕೆಟ್ಟಿತ್ತು. ಒಂದು ತಗ್ಗಿಗೆ ಬಸ್ಸು ಕುಪ್ಪಳಿಸಿದಾಗ ಪೆಟ್ಟಿಗೆಯೊಳಗೆ ಪಟ್ ಎಂದಿತು. ಎಷ್ಟು ಒಡೆದವೋ ತಿಳಿಯದು, ತೆರೆದು ನೋಡುವ ಹಾಗಿಲ್ಲ. ಮುನವಳ್ಳಿಯಲ್ಲಿ ಬಸ್ಸು ಬದಲಿಸಿದರು. ಪಕ್ಕದವರು ಸೀಟು ಬಿಟ್ಟುಕೊಟ್ಟರೂ ಕೂರಲಿಲ್ಲ.

ಬೈಲಹೊಂಗಲದ ಬಸ್‌ಸ್ಟ್ಯಾಂಡಿನಲ್ಲಿ ಶಟ್ಟೆಪ್ಪ ಮಾರುಕಟ್ಟೆಯ ಕೈಗಾಡಿ ತಂದು ನಿಂತಿದ್ದರು. ಗಾಡಿಯ ತುಂಬ ಖಾಲಿ ಚೀಲ ಹಾಸಿದ್ದರು. ಹೆಂಡತಿಯ ಕೈಯಿಂದ ಪೆಟ್ಟಿಗೆಗಳನ್ನು ತೆಗೆದುಕೊಂಡು ಮಗುವನ್ನು ಮಲಗಿಸುವಂತೆ ಮಲಗಿಸಿದರು. ಗೋದಾಮಿನಲ್ಲಿ ಬಿಚ್ಚಿದಾಗ ಮೂರು ಒಡೆದಿದ್ದವು. ಉಳಿದವು ಮೂವತ್ತೊಂದು.

ಬದಲಿಸುವುದು ಒಂದು ದಿನದ ಕೆಲಸ. ಕಾಯುವುದು ಅದಕ್ಕಿಂತ ಕಷ್ಟವಾಯಿತು. ಹೊಸ ಬೆಳಕು ಹೆಚ್ಚಾದರೆ ಎಂಬ ಭಯಕ್ಕೆ ಬಾಟಲಿಗೂ ಟ್ಯೂಬಿಗೂ ನಡುವೆ ಒಂದು ಗೇಣು ನಾಲ್ಕು ಬೆರಳು ಅಂತರ ಬಿಟ್ಟರು. ಮೊದಲ ವಾರ ಏನೂ ಬದಲಾಗಲಿಲ್ಲ. ಮುನವಳ್ಳಿ ಕಡೆಯ ರೈತ ಅಮೋಘಸಿದ್ದಪ್ಪ ಒಂದು ಎಕರೆಗೆ ಸಸಿ ಬರೆಸಿ, ರೋಗ ಹತ್ತಿದ ಹಳೆಯ ಕಬ್ಬು ಕಿತ್ತು ಹೊಲ ಹದ ಮಾಡಿಟ್ಟಿದ್ದರು. ವಾರಕ್ಕೊಮ್ಮೆ ಬಂದು ಬಾಗಿಲಲ್ಲಿ ನಿಂತು, "ನಮ್ಮ ಅಗಿ ಹೆಂಗ ಅದಾವ ತಂಗಿ?" ಎಂದು ಕೇಳುವರು. "ಅದಾವ್ರಿ ಕಾಕಾ" ಎಂದು ಕಾಡವ್ವ ಬೇಗ ಒಳಗೆ ಸರಿಯುವರು.

ಒಂಬತ್ತನೆಯ ದಿನ ಮೇಲಿನ ಹಲಗೆಗಳ ಸಸಿಯಲ್ಲಿ ಎಲೆಯ ತುದಿ ಸುಟ್ಟು ಕಂದಿತ್ತು. ನಿಜಗುಣಪ್ಪ ಬಾಟಲಿ ಎತ್ತಿ ಹಿಡಿದು, "ನೋಡು, ನಾ ಹೇಳಿದ್ದಿಲ್ಲ? ಎಲ್ಲಾ ತಗದ ಮೊದಲಿನಂಗ ಮಾಡು" ಎಂದರು. ಕಾಡವ್ವ ತಕ್ಷಣ ಟ್ಯೂಬಿಗೆ ಕೈ ಹಾಕಲಿಲ್ಲ. ಕೆಳಗಿನ ಹಲಗೆಗಳನ್ನು ಬಗ್ಗಿ ನೋಡಿದರು. ಅಲ್ಲಿ ಸುಟ್ಟ ಗುರುತಿಲ್ಲ. ಸ್ಟೂಲು ಹತ್ತಿ ಮೇಲಿನ ಹಲಗೆಗೆ ಕೈಯಿಟ್ಟರು. ಬಿಸಿ. ಬೇಸಿಗೆ ಏರಿದಂತೆ ಸೂರಿನ ಬಿಸಿಯೂ, ಟ್ಯೂಬಿಗೆ ಕರೆಂಟು ಹಾಯಿಸುವ ಚೋಕುಗಳ ಶಾಖವೂ ಅಲ್ಲೇ ನಿಂತಿತ್ತು.

"ಸಾಹೇಬ್ರ, ಇದು ಬೆಳಕಿಂದಲ್ರಿ, ಸೆಕಿದು. ಮ್ಯಾಲಿನ ಹಲಗ್ಯಾಗ ಒಂದೊಂದ ಹಳದಿ ಟ್ಯೂಬ್ ತಗೀತೇನಿ. ಇನ್ನ ನಾಕ ದಿನಾ ಕೊಡ್ರಿ. ಆಮ್ಯಾಲ ನೀವ ಹೇಳಿದಂಗ."

ನಿಜಗುಣಪ್ಪ ಒಪ್ಪಿದರೋ ಬೇಸತ್ತರೋ, ಬಾಟಲಿ ಕೆಳಗಿಟ್ಟು ಹೋದರು. ಆ ನಾಲ್ಕು ದಿನ ಕಾಡವ್ವ ತಾಸಿಗೊಮ್ಮೆ ಬಾಟಲಿ ತೊಳೆಯುವುದು ಬಿಟ್ಟು, ಕೈ ಒರೆಸಿಕೊಂಡು ಒಳಗೆ ಹೋಗಿ ಬರುವರು. ಮೂರನೆಯ ದಿನ ಎಂಟನೆಯ ರ‍್ಯಾಕಿನ ಕೆಳಹಲಗೆಯಲ್ಲಿ ಹೊಸ ಎಲೆಯೊಂದು ಕಂಡಿತು. ಅಗಲವಾಗಿತ್ತು, ದಟ್ಟ ಹಸಿರಾಗಿತ್ತು, ನೆಟ್ಟಗಿತ್ತು. ಬಾಟಲಿಯನ್ನು ಮೆಲ್ಲಗೆ ಹೊರಳಿಸಿ ನಿಲ್ಲಿಸಿದರು. ಹಳೆಯ ಎಲೆಗಳು ವಾಲಿದವು. ನಡುವಿನ ಹೊಸ ಎಲೆ ಎದ್ದು ನಿಂತಿತು.

"ಅಲ್ಲೇ ನೆಲದ ಮ್ಯಾಲ ಕುಂತಬಿಟ್ನಿ. ಯಾರಿಗೂ ಹೇಳಲಿಲ್ಲ. ಇನ್ನೂ ಖಾತ್ರಿ ಇದ್ದಿಲ್ಲಲ್ರಿ."

ಎಲ್ಲವೂ ಉಳಿಯಲಿಲ್ಲ. ಮೇಲಿನ ಹಲಗೆಗಳಲ್ಲಿ ತೊಂಬತ್ತು ಬಾಟಲಿ ಹೋದವು. ಮಣ್ಣಿಗೆ ಹಾಕಿದ ಮೇಲೆ ಇನ್ನಷ್ಟು ಬಾಡಿದವು. ಆದರೂ ಮುಂಗಾರು ಹಿಡಿಯುವ ಹೊತ್ತಿಗೆ ಹನ್ನೆರಡು ಸಾವಿರಕ್ಕೆ ನೂರು ಕಡಿಮೆ ಸಸಿಗಳು ಸಂಘದ ಗೇಟು ದಾಟಿ ಹೊಲಗಳಿಗೆ ಹೋದವು. ಅಮೋಘಸಿದ್ದಪ್ಪನವರ ಟ್ರಾಲಿಯಲ್ಲಿ ನಾಲ್ಕೂವರೆ ಸಾವಿರ.

ಜುಲೈಯಲ್ಲಿ ಸ್ನೇಹಲ್ ಎಂಬ ಹೊಸ ತಂತ್ರಜ್ಞೆ ಬಂದರು, ಬರುವಾಗ ಬೆಳಕಿನ ಮೀಟರು ತಂದರು. ಅವರು ಹಲಗೆ ಹಲಗೆಗೆ ಮೀಟರು ಹಿಡಿದು ಬರೆದುಕೊಳ್ಳುತ್ತಿದ್ದಾಗ ಕಾಡವ್ವ ಬಾಟಲಿ ತೊಳೆಯುವ ಮೋರಿಯ ಹತ್ತಿರ ಒಂದೇ ಬಾಟಲಿಯನ್ನು ತಿಕ್ಕುತ್ತಲೇ ನಿಂತಿದ್ದರು. ಸ್ನೇಹಲ್ ಹೊರಗೆ ಬಂದು, "ಈ ಟ್ಯೂಬ್ ಯಾರು ಆರಿಸಿ ಹಾಕಿದ್ದು?" ಎಂದು ಕೇಳಿದರು. ಕಾಡವ್ವ ಬಾಟಲಿ ಕೆಳಗಿಟ್ಟರು. "ನಾನ್ರಿ. ತಪ್ಪೇನರ ಆಗೇತೇನ್ರಿ?" ಎಂದರು. "ನಾ ಅಳತಿ ಮಾಡಿ ಹಾಕಿದ್ರೂ ಹಿಂಗ ಹಾಕ್ತಿದ್ನಿ ಅವ್ವಾರ. ಅಂತರ ಸೈತ ಸರಿ ಐತಿ" ಎಂದರು ಸ್ನೇಹಲ್.

ಚಿಂತೆ ಮುಗಿದಿಲ್ಲ. ಕೈಯಲ್ಲಿರುವ ಬಿಳಿ ಟ್ಯೂಬು ಇನ್ನೊಂದೇ. ಎಲ್‌ಇಡಿಯನ್ನು ಸ್ನೇಹಲ್ ಒಂದು ಹಲಗೆಗೆ ಹಾಕಿ ನೋಡುತ್ತಿದ್ದಾರೆ. ಕಾಡವ್ವ ಆ ಹಲಗೆಯ ಮುಂದೆ ಉಳಿದೆಲ್ಲ ಕಡೆಗಿಂತ ಹೆಚ್ಚು ಹೊತ್ತು ನಿಲ್ಲುತ್ತಾರೆ. "ಹೊಸಾದು ಬ್ಯಾಡ ಅನ್ನೂದಿಲ್ರಿ. ಬರಲಿ. ಆದ್ರ ಅದರ ಗುಣ ನನಗಿನ್ನೂ ತಿಳದಿಲ್ಲ. ತಿಳಿಯೂತನಕ ಅಂಜಿಕಿ ಇದ್ದದ್ದ."

ಹದಿನಾಲ್ಕು ವರ್ಷದಲ್ಲಿ ಅವರು ತಮ್ಮ ಸಸಿ ಹೊಲದಲ್ಲಿ ನಿಂತದ್ದನ್ನು ಒಮ್ಮೆಯೂ ನೋಡಿರಲಿಲ್ಲ. ಹೋದ ವಾರ ಅಮೋಘಸಿದ್ದಪ್ಪ ತಾವೇ ಬಂದು ಕರೆದರು. ಹಗಲಿನ ಕೆಲಸ ತಾನು ನೋಡಿಕೊಳ್ಳುವುದಾಗಿ ಸ್ನೇಹಲ್ ಹೇಳಿದ ಮೇಲೆಯೇ ಕಾಡವ್ವ ಹೊರಟರು. ನವಿಲುತೀರ್ಥದ ಕಾಲುವೆ ನೀರುಣ್ಣುವ ಆ ಹೊಲದಲ್ಲಿ ಕಬ್ಬು ಎದೆಮಟ್ಟ ನಿಂತಿತ್ತು. ಅಮೋಘಸಿದ್ದಪ್ಪ ದಂಡೆಯ ಮೇಲೆ ನಿಂತು, "ನೋಡವಾ, ಎಲ್ಲಾ ನಿಮ್ಮವ" ಎಂದರು. ಕಾಡವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಸಾಲಿನೊಳಗೆ ಇಳಿದರು. ಒಂದೊಂದು ಎಲೆ ಬೆರಳಲ್ಲಿ ಹಿಡಿದು, ಬೆಳಕಿಗೆ ಎತ್ತಿ ನೋಡುತ್ತ ಸಾಗಿದರು. ಅರ್ಧ ತಾಸಿನ ಮೇಲೆ ಆಚೆಯ ಬದುವಿನ ಹತ್ತಿರ ಅವರ ದನಿ ಕೇಳಿಸಿತು.

"ಕಾಕಾ, ಈ ಎರಡ ಸಾಲ ಜರಾ ಸೊರಗ್ಯಾವ್ರಿ."

"ಗೊತ್ತೈತಿ. ಎರಡ ಸರತೆ ಗೊಬ್ಬರ ಹಾಕೇನಿ. ಏಳವಲ್ವು."

"ಗೊಬ್ಬರದ್ದಲ್ರಿ. ಅಲ್ಲಿ ನೋಡ್ರಿ, ಬೇವಿನ ಗಿಡಾ ಮುಂಜಾನಿ ಬಿಸಿಲ ತಡ್ಯಾಕತ್ತೈತಿ. ಪೂರಾ ಕಡಿಬ್ಯಾಡ್ರಿ. ಕೆಳಗಿನ್ವು ಎರಡ ಟೊಂಗಿ ಸಾಕ."

ಮೂವತ್ತು ವರ್ಷದಿಂದ ಕಬ್ಬು ಬೆಳೆದ ಅಮೋಘಸಿದ್ದಪ್ಪ ತಲೆಯೆತ್ತಿ ಬೇವಿನ ಗಿಡ ನೋಡಿದರು. ತಲೆ ತಗ್ಗಿಸಿ ಸೊರಗಿದ ಸಾಲು ನೋಡಿದರು. ಆಮೇಲೆ ಪಂಪಿನ ಮನೆಯ ಕಡೆ ತಿರುಗಿ, ಕೊಡಲಿ ತರಲು ಕೂಗಿದರು.